ಬೇಕಾದ ಹೊತ್ತಿಗೆ ಸಾಯುವ ಜಿ.ಪಿ.ಎ.!

ಪಶ್ಚಿಮ ಬೆಂಗಳೂರಿನಲ್ಲಿ ಜಿ.ಪಿ.ಎ. ಎಂಬ ಮೂರಕ್ಷರ ಕೇಳದ ಮನೆಯುಂಟೇ? ವಿಜಯನಗರದಲ್ಲಿ ಸೈಟು ಕೊಂಡದ್ದು ಜಿ.ಪಿ.ಎ. ಮೇಲೆ, ಕೆಂಗೇರಿ ಕಡೆ ಮಾರಿದ್ದು ಜಿ.ಪಿ.ಎ. ಮೇಲೆ, ಆಮೇಲೆ ಕೋರ್ಟು ಮೆಟ್ಟಿಲು ಹತ್ತಿದ್ದೂ ಅದೇ ಜಿ.ಪಿ.ಎ. ದೆಸೆಯಿಂದ! ಅನ್ನ ಸಾರಿನಷ್ಟು ಬಳಕೆಯಾದ ಈ ಕಾಗದದ ಬಗ್ಗೆ ಒಂದು ಸಂಗತಿ ಮಾತ್ರ ಬಹಳ ಜನಕ್ಕೆ ತಿಳಿಯದು. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಸಾಕು, ಆ ಕಾಗದದ ಪ್ರಾಣವೂ ಹೋಯಿತು. ಬರೆದುಕೊಟ್ಟ ಹಿರಿಯರು ಬದುಕಿದ್ದಾರೆ, ಬರೆಸಿಕೊಂಡ ಮಗ ಇದ್ದಾನೆ, ಸಹಿ ಇದೆ, ಮೊಹರು ಇದೆ. ಆದರೂ ಕಾಗದ ಸತ್ತಿದೆ.

ಇದು ಯಾವುದೋ ಬ್ಯಾಂಕಿನ ಗುಮಾಸ್ತೆ ತನ್ನ ತಲೆಯಿಂದ ತೆಗೆದ ರೂಲ್ಸಲ್ಲ. 1872ರ ಭಾರತೀಯ ಕರಾರು ಕಾಯಿದೆಯ 201ನೇ ಕಲಮು. ಅಧಿಕಾರ ಕೊಟ್ಟವರಾಗಲಿ, ಪಡೆದವರಾಗಲಿ ತೀರಿಕೊಂಡರೆ ಅಥವಾ ಬುದ್ಧಿ ಸ್ವಾಧೀನ ಕಳೆದುಕೊಂಡರೆ ಅಧಿಕಾರ ಅಲ್ಲಿಗೆ ಮುಗಿಯಿತು ಎನ್ನುತ್ತದೆ ಅದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ವ್ಯಾಪಾರಿಗಳಿಗೂ ಅವರ ಏಜೆಂಟರಿಗೂ ಅಂತ ಬರೆದ ಮಾತು. ಯಜಮಾನನಿಗೇ ತಿಳಿವಳಿಕೆ ಇಲ್ಲದ ಮೇಲೆ ಏಜೆಂಟನಿಗೆ ಎಲ್ಲಿಯ ಅಧಿಕಾರ ಎಂಬ ತರ್ಕ. ಆ ಕಾಲಕ್ಕೆ ಸರಿಯಿದ್ದೀತು.

ಆದರೆ ಇವತ್ತು ಮಕ್ಕಳು ಜಿ.ಪಿ.ಎ. ಮಾಡಿಸುವುದು ಯಾತಕ್ಕೆ? "ಅಪ್ಪಂಗೆ ವಯಸ್ಸಾಯ್ತು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬ್ಯಾಂಕು, ಬಾಡಿಗೆ, ಕಂದಾಯ ಯಾರು ನೋಡ್ಕೊಳ್ಳೋದು?" ಅಂತ ತಾನೇ? ಆ ಹೆಚ್ಚುಕಮ್ಮಿ ಆಗುವತನಕ ಅಪ್ಪನೇ ಸಹಿ ಹಾಕಬಲ್ಲರು, ಜಿ.ಪಿ.ಎ. ಅಷ್ಟೇನೂ ಬೇಕಿಲ್ಲ. ಹೆಚ್ಚುಕಮ್ಮಿ ಆದ ದಿನ ಬೇಕು. ಅವತ್ತೇ ಅದು ಇರುವುದಿಲ್ಲ. ಹೊಳೆಯ ನಡುವಿಗೆ ಬಂದಾಗಲೇ ತೂತು ಬೀಳುವ ತೆಪ್ಪ!

ಬಡಾವಣೆಗೂ ವಯಸ್ಸಾಯಿತು

ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿದ್ದು 1945ರಲ್ಲಿ. 1976ರಲ್ಲಿ ಅದರ ಜಾಗಕ್ಕೆ ಬಿ.ಡಿ.ಎ. ಬಂತು. ಈ ಎರಡರ ಕೈಯಿಂದ ಸೈಟು ಪಡೆದು, ಸಾಲಸೋಲ ಮಾಡಿ, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟಿದವರ ಊರು ಇದು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ಮೈಸೂರು ಲ್ಯಾಂಪ್ಸ್ ಎಲ್ಲ ಮುಚ್ಚಿಹೋದವು. ಅಲ್ಲಿ ದುಡಿದವರು ಕಟ್ಟಿದ ಮನೆಗಳು ಮಾತ್ರ ನಿಂತಿವೆ. 1975ರಲ್ಲಿ ಮೂವತ್ತೈದರ ಹರೆಯದಲ್ಲಿ ಮೂವತ್ತು ನಲವತ್ತರ ಸೈಟು ಕೊಂಡವರಿಗೆ ಈಗ ಎಂಬತ್ತೈದು ದಾಟಿದೆ. ಕೆಳಗೆ ಎರಡು ಅಂಗಡಿ ಬಾಡಿಗೆಗೆ, ಮೇಲೆ ವಾಸ. ಪಿಂಚಣಿ ಇದ್ದರೆ ಉಂಟು, ಇಲ್ಲದಿದ್ದರೆ ಆ ಬಾಡಿಗೆಯೇ ಜೀವನ.

ಮರೆವಿನ ಕಾಯಿಲೆ ಈಗ ಅಪರೂಪದ್ದಲ್ಲ. ಹಿರಿಯರನ್ನು ದೇಶದ ತುಂಬ ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ. ಜೊತೆಗೆ ಲಕ್ವ ಹೊಡೆದು ಪ್ರಜ್ಞೆ ತಪ್ಪಿದವರು, ರಿಂಗ್ ರೋಡಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಯುವಕರು. ಕಾನೂನಿನ ಕಣ್ಣಿಗೆ ಇವರ ಪಾಡೆಲ್ಲ ಹೆಚ್ಚೂಕಡಿಮೆ ಒಂದೇ.

ಬಸವೇಶ್ವರನಗರದಲ್ಲಿ ಇಂಥದೊಂದು ಮನೆ ಇದೆ ಎನ್ನಿ. ಯಜಮಾನರಿಗೆ ಮರೆವು ಬಂದು ಎರಡು ವರ್ಷವಾಗಿದೆ. ಮಗನ ಹೆಸರೇ ನೆನಪಿಲ್ಲ, ಮನೆಯಲ್ಲೇ ಕೂತು "ನನ್ನ ಮನೆಗೆ ಕರ್ಕೊಂಡು ಹೋಗ್ರಪ್ಪಾ" ಅಂತಾರೆ. ರಾತ್ರಿ ನೋಡಿಕೊಳ್ಳಲು ಒಬ್ಬ ಆಳು ಬೇಕು, ಔಷಧಿ ಬೇಕು. ಅವರ ಹೆಸರಿನಲ್ಲೇ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇದೆ. ಮಗ ನಾಲ್ಕು ವರ್ಷದ ಹಿಂದೆ ಮಾಡಿಸಿದ ಜಿ.ಪಿ.ಎ. ಹಿಡಿದು ಹೋಗುತ್ತಾನೆ. "ತಂದೆಯವರು ಹೇಗಿದ್ದಾರೆ?" ಎಂದು ಮ್ಯಾನೇಜರು ಕೇಳುತ್ತಾರೆ. ನಿಜ ಹೇಳಿದನೋ, ಕೆಟ್ಟ. "ಹಾಗಾದ್ರೆ ಈ ಪತ್ರ ನಡೆಯಲ್ಲ ಸಾರ್, ಕೋರ್ಟಿನಿಂದ ಆರ್ಡರ್ ತನ್ನಿ." ಮ್ಯಾನೇಜರನ್ನು ಬೈದು ಏನು ಫಲ? ಅವರು ಕಾನೂನಿನ ಪ್ರಕಾರವೇ ಹೇಳುತ್ತಿದ್ದಾರೆ.

ಮನೆಯ ಕೆಳಗಿನ ಅಂಗಡಿಯವರು "ಅದು ಅವರ ಮನೆ ತಾಪತ್ರಯ, ನಮಗೇನು" ಅನ್ನುವಂತಿಲ್ಲ. ಅಂಗಡಿ ಕರಾರಿಗೆ ಮಗ ಜಿ.ಪಿ.ಎ. ಹೋಲ್ಡರ್ ಅಂತ ಸಹಿ ಹಾಕಿದ್ದಾನೆ, ಅಡ್ವಾನ್ಸು ತೆಗೆದುಕೊಂಡಿದ್ದಾನೆ. ನಾಳೆ ಮಗಳೋ, ಎರಡನೇ ಮಗನೋ ಬಂದು "ಆ ಹೊತ್ತಿಗೆ ಅಪ್ಪನಿಗೆ ಜ್ಞಾನವೇ ಇರಲಿಲ್ಲ, ಈ ಕರಾರಿಗೆ ಬೆಲೆಯಿಲ್ಲ" ಎಂದರೆ? ಗಿರಾಕಿ ಕಟ್ಟಿಕೊಂಡ ಜಾಗವೂ ಅಲ್ಲಾಡಿತು, ಅಡ್ವಾನ್ಸೂ ಅಲ್ಲಾಡಿತು. ಭೋಗ್ಯಕ್ಕೆ ಮನೆ ಹಿಡಿದವರ ಗತಿ ಇನ್ನೂ ಕಷ್ಟ, ಅವರು ಕೊಟ್ಟಿರುವುದು ಲಕ್ಷಗಳಲ್ಲಿ. ಅಂಗಡಿಯ ಯಜಮಾನರಿಗೇ ಇಂಥದು ಬಂದರಂತೂ ಕೇಳುವುದೇ ಬೇಡ. ಒಬ್ಬರ ಹೆಸರಿನ ಕರೆಂಟ್ ಅಕೌಂಟು, ಒಬ್ಬರದೇ ಸಹಿಯ ಚೆಕ್ಕು. ಚಿಕ್ಕಪೇಟೆಯ ಸಗಟು ವ್ಯಾಪಾರಿ ಬಾಕಿಗೆ ಫೋನು ಮಾಡುತ್ತಲೇ ಇರುತ್ತಾನೆ, ಗಲ್ಲಾಪೆಟ್ಟಿಗೆಯ ಹಣ ಬ್ಯಾಂಕಿಗೆ ಹೋಗುತ್ತದೆ, ವಾಪಸು ಬರುವುದಿಲ್ಲ.

ಈಚೆಗೆ ಇ-ಖಾತೆ ಬೇರೆ ಬಂದಿದೆ. ಮಾಲೀಕರ ಆಧಾರ್ ದೃಢೀಕರಣ ಕೇಳುತ್ತದೆ. ತಾನು ಯಾರೆಂದೇ ತಿಳಿಯದವರಿಂದ ಯಾವ ದೃಢೀಕರಣ ಪಡೆಯುವುದು, ಸ್ವಾಮಿ?

ನಿಜ ಹೇಳಿದವನೇ ಪೆದ್ದ

ಕಾನೂನಿನ ವಿಚಿತ್ರ ಇಲ್ಲಿಗೆ ಮುಗಿಯಲಿಲ್ಲ. 1882ರ ಅಧಿಕಾರ ಪತ್ರಗಳ ಕಾಯಿದೆ ಅಂತ ಇನ್ನೊಂದಿದೆ. ಅದರ 3ನೇ ಕಲಮಿನ ಪ್ರಕಾರ, ಬರೆದುಕೊಟ್ಟವರು ತೀರಿಕೊಂಡದ್ದಾಗಲಿ, ಬುದ್ಧಿ ಸ್ವಾಧೀನ ತಪ್ಪಿದ್ದಾಗಲಿ ಗೊತ್ತಿಲ್ಲದೆ ಸದ್ಭಾವನೆಯಿಂದ ಹಣ ಕೊಟ್ಟವರಿಗೆ ಹೊಣೆಯಿಲ್ಲ. ಗೊತ್ತಿಲ್ಲದಿದ್ದರೆ ತಪ್ಪಿಲ್ಲ! ಬ್ಯಾಂಕಿನವರಿಗೂ ಬಾಡಿಗೆದಾರರಿಗೂ ಇದು ಒಳ್ಳೆಯ ರಕ್ಷಣೆಯೇ. ಆದರೆ ಮನೆಯವರಿಗೆ ಇದರಿಂದ ಸಿಗುವ ಪಾಠ ಯಾವುದು? ಬಾಯಿ ಮುಚ್ಚಿಕೊಂಡಿರಿ, ಅಪ್ಪ ಚೆನ್ನಾಗಿದ್ದಾರೆ ಅನ್ನಿ. ಊರ ತುಂಬ ನಡೆಯುತ್ತಿರುವುದೂ ಹೀಗೆಯೇ. ಮರೆವಿನ ಕಾಯಿಲೆಯನ್ನು ಕಳ್ಳ ಮಾಲಿನ ಹಾಗೆ ಬಚ್ಚಿಡುತ್ತಾರೆ. ವೈದ್ಯರ ಚೀಟಿಯಲ್ಲಿ ಆ ಹೆಸರು ಬರೆಯಬೇಡಿ ಎಂದು ಕೇಳಿಕೊಳ್ಳುತ್ತಾರೆ. ನಡುಗುವ ಕೈ ಹಿಡಿದು ಚೆಕ್ಕಿನ ಮೇಲೆ ಸಹಿ ತೆಗೆಸುತ್ತಾರೆ. ಅವರೇನು ಕಳ್ಳರೇ? ತಾಯಿಗೆ ಔಷಧಿ ತರುವವರು. ಅವರನ್ನೂ ನಿಜವಾದ ಕಳ್ಳನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಕಾನೂನು ಇದು.

ಇದಕ್ಕಿಂತ ದೊಡ್ಡ ತಮಾಷೆ 202ನೇ ಕಲಮು. ಅಧಿಕಾರ ಪಡೆದವನಿಗೆ ಆ ಆಸ್ತಿಯಲ್ಲಿ ಸ್ವಂತ ಹಿತಾಸಕ್ತಿ ಇದ್ದರೆ ಅಧಿಕಾರ ಸಾಯುವುದಿಲ್ಲ. ಕಾಯಿದೆಯಲ್ಲೇ ಉದಾಹರಣೆ ಕೊಟ್ಟಿದ್ದಾರೆ: ಜಮೀನು ಮಾರಿ ನಿನ್ನ ಸಾಲ ತೀರಿಸಿಕೋ ಎಂದು ಸಾಲ ಕೊಟ್ಟವನಿಗೆ ಅಧಿಕಾರ ಬರೆದುಕೊಟ್ಟರೆ, ಬರೆದುಕೊಟ್ಟವನಿಗೆ ಬುದ್ಧಿ ಭ್ರಮಣೆಯಾದರೂ, ಅವನು ಸತ್ತೇ ಹೋದರೂ ಅದು ರದ್ದಾಗದು. ಅಂದರೆ ಬಡ್ಡಿ ಸಾಹುಕಾರನ ಕಾಗದ ಬದುಕುತ್ತದೆ. ಗಂಜಿ ಕುಡಿಸಿ, ಬಟ್ಟೆ ಬದಲಿಸಿ, ರಾತ್ರಿಯೆಲ್ಲ ಎದ್ದು ಕೂರುವ ಮಗಳ ಕಾಗದ ಸಾಯುತ್ತದೆ!

ಅಠಾರ ಕಚೇರಿಯೇ ಗತಿ

ಹಾಗಾದರೆ ಬೇರೆ ದಾರಿಯೇ ಇಲ್ಲವೇ? ಹಿಂದೆ ಇತ್ತು. 1912ರ ಬ್ರಿಟಿಷ್ ಕಾಲದ ಲೂನಸಿ ಕಾಯಿದೆ ಹೆಸರಿಗೆ ಹೀನವಾಗಿದ್ದರೂ ಜಿಲ್ಲಾ ನ್ಯಾಯಾಲಯವೇ ವಿಚಾರಣೆ ಮಾಡಿ ಆಸ್ತಿ ನೋಡಿಕೊಳ್ಳಲು ಒಬ್ಬ ಮ್ಯಾನೇಜರನ್ನು ನೇಮಿಸಬಹುದಿತ್ತು. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲೂ ಆ ಬಾಗಿಲು ಉಳಿದಿತ್ತು. 2017ರಲ್ಲಿ ಹೊಸ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂತು, 2018ರ ಮೇ ತಿಂಗಳಿಂದ ಜಾರಿಗೂ ಬಂತು. ರೋಗಿಯ ಹಕ್ಕುಗಳ ವಿಷಯದಲ್ಲಿ ಹಳೆಯದಕ್ಕಿಂತ ಎಷ್ಟೋ ಮೇಲು. ತನ್ನ ಚಿಕಿತ್ಸೆ ಹೇಗಿರಬೇಕೆಂದು ಮೊದಲೇ ಬರೆದಿಡಬಹುದು, ತನ್ನ ಪರವಾಗಿ ಮಾತಾಡಲು ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ಆದರೆ ಆಸ್ತಿ ನೋಡಿಕೊಳ್ಳುವ ಅಧ್ಯಾಯವನ್ನೇ ಕೈಬಿಟ್ಟರು. ಆ ಪ್ರತಿನಿಧಿ ಅಪ್ಪನನ್ನು ನಿಮ್ಹಾನ್ಸ್‌ಗೆ ಸೇರಿಸುವ ಮಾತಾಡಬಹುದು, ಬಿಲ್ಲು ಕಟ್ಟಲು ಅಪ್ಪನ ಖಾತೆಯಿಂದ ಹಣ ತೆಗೆಯುವಂತಿಲ್ಲ.

1890ರ ಪಾಲಕರ ಕಾಯಿದೆ ಇರುವುದು ಅಪ್ರಾಪ್ತ ಮಕ್ಕಳಿಗೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕೊಡುವ ಸೀಮಿತ ಪಾಲಕತ್ವ ಒಂದು ಅವಧಿಗೆ, ಒಂದು ತೀರ್ಮಾನಕ್ಕೆ ಅಂತ ಇರುವಂಥದ್ದು. ತಿಂಗಳು ತಿಂಗಳು ನಡೆಯಬೇಕಾದ ಮನೆವಾರ್ತೆಗೆ ಹೊಂದುವುದಿಲ್ಲ. ಹಾಗಾಗಿ ಹಲವು ಕುಟುಂಬಗಳಿಗೆ ಉಳಿದಿರುವುದು ಹೈಕೋರ್ಟಿಗೆ ರಿಟ್ ಅರ್ಜಿ. ಕೇರಳ ಹೈಕೋರ್ಟು 2019ರಲ್ಲಿ ಕೋಮಾದಲ್ಲಿರುವವರ ಬಗ್ಗೆ ಮಾರ್ಗಸೂಚಿಯನ್ನೇ ಕೊಟ್ಟಿತು: ವೈದ್ಯರ ಮಂಡಳಿಯ ವರದಿ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ವಿಚಾರಣೆ, ಆಮೇಲೆ ಪಾಲಕರ ನೇಮಕ. ಕಾಯಿದೆ ಇಲ್ಲದ ಕಡೆ ನ್ಯಾಯಾಧೀಶರು ಹೊಲಿದ ತೇಪೆ ಅದು, ಒಳ್ಳೆಯ ತೇಪೆಯೇ.

ಆದರೆ ಆ ತೇಪೆ ಹಾಕಿಸಿಕೊಳ್ಳಲು ಯಾರಿಂದ ಸಾಧ್ಯ? ಕೆಂಗೇರಿ ಉಪನಗರದಿಂದ ಎರಡು ಬಸ್ಸು ಬದಲಿಸಿ, ರಜೆ ಹಾಕಿ, ವಕೀಲರ ಫೀಜು ಹೊಂದಿಸಿ ಅಠಾರ ಕಚೇರಿಯ ಕೆಂಪು ಕಟ್ಟಡದ ಮುಂದೆ ನಿಲ್ಲಬೇಕು. ಸ್ವಂತ ತಾಯಿಯ ಠೇವಣಿ ಮುರಿಸಿ ತಾಯಿಗೇ ಡೈಪರ್ ತರುವುದಕ್ಕೆ ರಾಜ್ಯದ ಉಚ್ಚ ನ್ಯಾಯಾಲಯ! ಇದು ನಗುವ ಮಾತೋ ಅಳುವ ಮಾತೋ, ಓದುಗರೇ ಹೇಳಬೇಕು.

ಈ ರಗಳೆ ಬೇಡವೆಂದು ಎಷ್ಟೋ ಮನೆಗಳಲ್ಲಿ ಇನ್ನೊಂದು ಕೆಲಸ ಮಾಡುತ್ತಾರೆ. ಅಪ್ಪ ಅಮ್ಮನ ತಲೆ ನೆಟ್ಟಗಿರುವಾಗಲೇ ಮನೆಯನ್ನು ದಾನಪತ್ರ ಮಾಡಿಸಿಕೊಂಡುಬಿಡುವುದು. ಆಮೇಲೆ ಊಟ ಹಾಕಿದರೆ ಪುಣ್ಯ. ಹಾಕದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ನೋಡಿಕೊಳ್ಳುವ ಅಧಿಕಾರ ಮಾತ್ರ ಕೊಟ್ಟು ಆಸ್ತಿಯನ್ನು ತನ್ನ ಹೆಸರಿನಲ್ಲೇ ಉಳಿಸಿಕೊಳ್ಳುವ ಕಾಗದ ಇದ್ದಿದ್ದರೆ ಈ ದಾನದ ಅವಸರ ಯಾರಿಗೆ ಬೇಕಿತ್ತು?

ಮೋಸಗಾರರಿಗೆ ಹಬ್ಬವಾಗದೇ?

ಇಲ್ಲಿ ಯಾರಾದರೂ ಕೈ ಎತ್ತಿಯೇ ಎತ್ತುತ್ತಾರೆ. "ಈಗಲೇ ಜಿ.ಪಿ.ಎ. ಹೆಸರಿನಲ್ಲಿ ಊರು ಕೊಳ್ಳೆ ಹೊಡೆದಿದ್ದಾರೆ. ಬುದ್ಧಿ ಹೋದ ಮೇಲೂ ನಡೆಯುತ್ತೆ ಅಂದ್ರೆ ಮುದುಕರ ಗತಿ ಏನ್ರೀ?" ಮಾತು ಸುಳ್ಳಲ್ಲ. ಹಂಚಿಕೆಯಾದ ಸೈಟನ್ನು ಇಂತಿಷ್ಟು ವರ್ಷ ಮಾರುವಂತಿಲ್ಲ ಎಂದು ನಿಯಮವಿದ್ದಾಗ ಜಿ.ಪಿ.ಎ., ವಿಲ್ಲು, ಅಫಿಡವಿಟ್ಟು ಮೂರನ್ನೂ ಕಟ್ಟಿ ಕೈ ಬದಲಿಸಿದ ಊರು ಇದು. ರೆವಿನ್ಯೂ ಸೈಟುಗಳ ಕಥೆ ಹೇಳಹೊರಟರೆ ಈ ಪುಟ ಸಾಲದು. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜಿ.ಪಿ.ಎ. ಮಾರಾಟದಿಂದ ಹಕ್ಕು ವರ್ಗವಾಗದು ಎಂದು ಖಡಾಖಂಡಿತ ಹೇಳಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರು ದಕ್ಷಿಣದ್ದೇ ಒಂದು ಸೈಟಿನ ಜಗಳದಲ್ಲಿ ಇನ್ನೊಂದು ತೀರ್ಪು ಬಂತು. ಜಿ.ಪಿ.ಎ. ಆದದ್ದು 1986ರಲ್ಲಿ, ಮಾಲೀಕರು ತೀರಿಕೊಂಡದ್ದು 1997ರಲ್ಲಿ, ಆ ಜಿ.ಪಿ.ಎ. ಬಲದ ಮೇಲೆ ಕ್ರಯಪತ್ರ ಆದದ್ದು 1998ರಲ್ಲಿ! ರದ್ದು ಮಾಡಲಾಗದ್ದು ಎಂದು ಮೇಲೆ ಬರೆದ ಮಾತ್ರಕ್ಕೆ ಅಧಿಕಾರ ಉಳಿಯುವುದಿಲ್ಲ, ಮಾಲೀಕರ ಸಾವಿನೊಂದಿಗೆ ಅದೂ ಮುಗಿಯಿತು ಎಂದಿತು ನ್ಯಾಯಾಲಯ. ಸರಿಯಾದ ತೀರ್ಪು.

ಆದರೆ ಸೂರಜ್ ಲ್ಯಾಂಪ್ ತೀರ್ಪನ್ನು ಪೂರ್ತಿ ಓದಿದವರಿಗೆ ಇನ್ನೊಂದು ಮಾತೂ ಕಾಣುತ್ತದೆ. ಗಂಡ ಹೆಂಡತಿ, ಮಗ ಮಗಳು, ಅಣ್ಣ ತಮ್ಮ, ಅಕ್ಕ ತಂಗಿ ಇಂಥ ಹತ್ತಿರದವರಿಗೆ ವ್ಯವಹಾರ ನೋಡಿಕೊಳ್ಳಲು ನಿಜವಾಗಿ ಕೊಟ್ಟ ಅಧಿಕಾರ ಪತ್ರಕ್ಕೆ ಆ ತೀರ್ಪಿನಿಂದ ಬಾಧಕವಿಲ್ಲ. ಮಾರಾಟದ ಮುಖವಾಡ ಬೇರೆ, ಮನೆಯವರ ನಂಬಿಕೆ ಬೇರೆ ಎಂದು ಕೋರ್ಟಿಗೆ ತಿಳಿದಿದೆ. ತಿಳಿಯಬೇಕಾದ್ದು ಶಾಸನ ಮಾಡುವವರಿಗೆ.

ಮೋಸ ತಡೆಯುವ ಬಗೆಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. 201ನೇ ಕಲಮಿನ ತರ್ಕ ಯಾವ ಇಂಗ್ಲೆಂಡಿನಿಂದ ಬಂತೋ ಆ ಇಂಗ್ಲೆಂಡೇ ಅದನ್ನು ಬಿಟ್ಟು ನಲವತ್ತು ವರ್ಷ ದಾಟಿತು. ಅಲ್ಲಿಯ ಕಾನೂನು ಆಯೋಗ 1983ರಲ್ಲಿ ವರದಿ ಕೊಟ್ಟಿತು, 1985ರಲ್ಲಿ ಕಾಯಿದೆಯಾಯಿತು. ಅದರಲ್ಲೂ ಲೋಪ ಕಂಡು 2005ರಲ್ಲಿ ಹೊಸ ಕಾಯಿದೆ ಮಾಡಿದರು. 2007ರ ಅಕ್ಟೋಬರಿನಿಂದ ಅಲ್ಲಿ ಬುದ್ಧಿ ಹೋದ ಮೇಲೂ ಬಾಳುವ ಅಧಿಕಾರ ಪತ್ರ ನಡೆಯುತ್ತಿದೆ, ಆಸ್ತಿಗೆ ಒಂದು, ಆರೋಗ್ಯಕ್ಕೆ ಒಂದು. ಬರೆದುಕೊಡುವವರಿಗೆ ಅರ್ಥವಾಗಿದೆ, ಯಾರೂ ಒತ್ತಾಯ ಮಾಡಿಲ್ಲ ಎಂದು ಹೊರಗಿನವರೊಬ್ಬರು ದೃಢೀಕರಿಸಬೇಕು. ಸರ್ಕಾರಿ ಕಚೇರಿಯಲ್ಲಿ ನೋಂದಣಿಯಾಗದೆ ಅದನ್ನು ಬಳಸುವಂತಿಲ್ಲ. ದೂರು ಬಂದರೆ ತನಿಖೆ, ತಪ್ಪು ಕಂಡರೆ ಕೋರ್ಟು ಅಧಿಕಾರ ಕಿತ್ತುಕೊಳ್ಳುತ್ತದೆ. ಹಾಗಂತ ಅಲ್ಲಿ ಮೋಸವೇ ಇಲ್ಲವೆಂದಲ್ಲ, ಮನುಷ್ಯರು ಎಲ್ಲಿಯೂ ಮನುಷ್ಯರೇ. ಆದರೆ ಮೋಸವಾದರೆ ಹಿಡಿಯಲು ಒಂದು ರಿಜಿಸ್ಟರು ಇದೆ, ಕೇಳುವವರಿದ್ದಾರೆ. ಅಮೆರಿಕದ ವರ್ಜೀನಿಯಾ ರಾಜ್ಯ 1950ರ ದಶಕದಲ್ಲೇ ಇಂಥ ಕಾಯಿದೆ ಮಾಡಿತ್ತು. ಸಿಂಗಪುರದಲ್ಲಿ 2010ರಿಂದ ಇದೆ. ಲಂಡನ್ನಿಗೆ ಹೋದ ಕನ್ನಡಿಗ ಅಲ್ಲಿಯ ತನ್ನ ಫ್ಲ್ಯಾಟಿಗೆ ಇಂಥ ಪತ್ರ ಮಾಡಿಸಬಹುದು. ರಾಜಾಜಿನಗರದಲ್ಲಿರುವ ಅವನ ತಂದೆಗೆ ಆ ಭಾಗ್ಯವಿಲ್ಲ.

ಇಲ್ಲಿಗೆ ಬೇಕಾದ್ದು ಇಷ್ಟೇ. ತಲೆ ನೆಟ್ಟಗಿರುವಾಗ ಸಬ್ ರಿಜಿಸ್ಟ್ರಾರ್ ಮುಂದೆ ಕೂತು, ಮಕ್ಕಳನ್ನೆಲ್ಲ ಹೊರಗೆ ಕಳಿಸಿ, "ಸ್ವಇಚ್ಛೆಯಿಂದ ಬರೆದುಕೊಡ್ತಿದೀರಾ ಅಜ್ಜಿ?" ಎಂದು ಕೇಳಿ ನೋಂದಾಯಿಸುವ ಪ್ರತ್ಯೇಕ ಪತ್ರ. ನೋಟರಿ ಮೊಹರಿನದು ಸಾಲದು. ಎಲ್ಲ ಮಕ್ಕಳಿಗೂ ಅದರ ನಕಲು ಹೋಗಬೇಕು, ಒಬ್ಬ ಮಗನ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುವ ಕಾಗದವಾಗಬಾರದು. ವಾಸದ ಮನೆ ಮಾರುವುದಕ್ಕೂ ದಾನ ಕೊಡುವುದಕ್ಕೂ ಜಿಲ್ಲಾ ನ್ಯಾಯಾಲಯದ ಅಪ್ಪಣೆ ಇಲ್ಲದೆ ಅವಕಾಶವಿರಬಾರದು. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಯಾರಿಗೆ ಎನ್ನುವಿರಾ? ಹಿರಿಯ ನಾಗರಿಕರ ಅರ್ಜಿ ಕೇಳುವ ಉಪವಿಭಾಗಾಧಿಕಾರಿಗಳು ಇದ್ದೇ ಇದ್ದಾರಲ್ಲ! ಅವರಿಗೆ ಕೆಲಸ ಜಾಸ್ತಿಯಾಗುತ್ತದೆ ನಿಜ. ಲೆಕ್ಕವೇ ಇಲ್ಲದೆ ನಡೆಯುತ್ತಿರುವ ಈಗಿನ ಕಳ್ಳಾಟಕ್ಕಿಂತ ವಾಸಿ.

ಕೋಣಕ್ಕೆ ಆದದ್ದು ಅಜ್ಜಿಗೆ ಆಗದೇ?

"ಕೇಂದ್ರದ ಕಾಯಿದೆ, ನಮ್ಮ ಕೈಲಿಲ್ಲ" ಎಂದು ವಿಧಾನಸೌಧದಿಂದ ಉತ್ತರ ಬಂದೀತು. ಬಂದರೆ ನಂಬಬೇಡಿ. ಸಂವಿಧಾನದ ಸಮವರ್ತಿ ಪಟ್ಟಿಯ 7ನೇ ನಮೂದು ಕರಾರುಗಳದ್ದು, ಏಜೆನ್ಸಿಯನ್ನೂ ಅದರಲ್ಲಿ ಹೆಸರಿಸಿ ಸೇರಿಸಿದ್ದಾರೆ. ಅಂದರೆ ರಾಜ್ಯವೂ ಶಾಸನ ಮಾಡಬಹುದು, ರಾಷ್ಟ್ರಪತಿಗಳ ಅಂಕಿತ ಪಡೆದರೆ ಆ ತಿದ್ದುಪಡಿ ಈ ರಾಜ್ಯದಲ್ಲಿ ನಡೆಯುತ್ತದೆ. ಕಂಬಳ ನೆನಪಿದೆಯೇ? ಪ್ರಾಣಿ ಹಿಂಸೆ ತಡೆ ಕಾಯಿದೆಯೂ ಕೇಂದ್ರದ್ದೇ. ಕರಾವಳಿಯ ಜನ ಬೀದಿಗಿಳಿದರು, 2017ರಲ್ಲಿ ಕರ್ನಾಟಕ ಅದಕ್ಕೆ ತಿದ್ದುಪಡಿ ತಂದಿತು, 2018ರಲ್ಲಿ ಅಂಕಿತವೂ ಸಿಕ್ಕಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸರಿ ಎಂದಿತು. ಕೋಣ ಓಡಿತು, ಬಹಳ ಸಂತೋಷ. ಮರೆವು ಬಂದ ಅಜ್ಜಿಯರ ಪರವಾಗಿ ಬೀದಿಗಿಳಿಯುವವರಿಲ್ಲ, ಅಜ್ಜಿಯರಿಗೆ ತಮ್ಮ ಊರೇ ನೆನಪಿಲ್ಲ. ಆ ಕೆಲಸ ಈ ಭಾಗದ ಶಾಸಕರು ಮಾಡಬೇಕು. ಹಿರಿಯ ಮತದಾರರ ಕಾಲಿಗೆ ಬೀಳುವುದು ಚುನಾವಣೆ ಬಂದಾಗ ಮಾತ್ರವೇ?

ಕಾಯಿದೆ ಬರುವತನಕ ಸುಮ್ಮನೆ ಕೂರಬೇಕಿಲ್ಲ. ಬ್ಯಾಂಕಿನ ಖಾತೆ, ಠೇವಣಿಗಳನ್ನು ಒಬ್ಬರ ಹೆಸರಿನಲ್ಲೇ ಇಡದೆ, ಇಬ್ಬರಲ್ಲಿ ಯಾರಾದರೂ ಒಬ್ಬರು ಅಥವಾ ಉಳಿದವರು ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಅಂಗಡಿ ಬಾಡಿಗೆಗೆ ಕೊಡುವಾಗ, ಹಿಡಿಯುವಾಗ ಜಿ.ಪಿ.ಎ. ಹೋಲ್ಡರ್ ಸಹಿಯೊಂದನ್ನೇ ನಂಬದೆ ಮನೆಯ ಉಳಿದ ವಾರಸುದಾರರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಲಕ್ವ ಹೊಡೆದು ಕೈ ಬಿದ್ದಿದೆ, ಬುದ್ಧಿ ಸರಿಯಿದೆ ಎಂಬುವರಿಗೆ ಈ 201ನೇ ಕಲಮಿನ ಭಯವಿಲ್ಲ. ಹೆಬ್ಬೆಟ್ಟೋ, ಕಾಲಿನ ಬೆರಳಿನ ಗುರುತೋ ಒತ್ತಿ, ಬ್ಯಾಂಕಿನ ಅಧಿಕಾರಿಯೊಬ್ಬರೂ ಸೇರಿ ಇಬ್ಬರು ಸಾಕ್ಷಿಗಳ ಮುಂದೆ ಹಣ ತೆಗೆಯಲು ರಿಸರ್ವ್ ಬ್ಯಾಂಕೇ ಅವಕಾಶ ಕೊಟ್ಟಿದೆ. ಮ್ಯಾನೇಜರು ಆಗಲ್ಲ ಎಂದರೆ ಅದನ್ನು ನೆನಪಿಸಿ.

ಸಬ್ ರಿಜಿಸ್ಟ್ರಾರ್ ಕಚೇರಿಗಳ ಸುತ್ತಮುತ್ತ ಮೇಜು ಹಾಕಿಕೊಂಡು ಕೂತಿರುವ ಪತ್ರ ಬರಹಗಾರರು ಇವತ್ತಿನಿಂದಲೇ ಮಾಡಬಹುದಾದ ಕೆಲಸವೂ ಒಂದಿದೆ. ಮುದುಕರ ಜಿ.ಪಿ.ಎ. ಬರೆಯುವ ಮೊದಲು, "ಇದು ಇವರ ಬುದ್ಧಿ ಸರಿ ಇರೋತನಕ ಮಾತ್ರ ನಡೆಯುತ್ತೆ ಕಣಪ್ಪಾ" ಎಂದು ಮಗನಿಗೊಂದು ಮಾತು ಹೇಳುವುದು. ಅದಕ್ಕೆ ತಿದ್ದುಪಡಿ ಬೇಕಿಲ್ಲ, ಛಾಪಾ ಕಾಗದವೂ ಬೇಕಿಲ್ಲ.